ಎತ್ತಬಾರದ ಫೋನು

ಕಳೆದ ಶನಿವಾರ ನಾನು ನಿವೃತ್ತಳಾದೆ. ವಯಸ್ಸು ಹತ್ತೊಂಬತ್ತು. ನಗುವವರು ಈಗಲೇ ನಕ್ಕು ಮುಗಿಸಿ, ಮುಂದೆ ನಗುವುದಕ್ಕೆ ಬೇರೆ ವಿಷಯಗಳಿವೆ. ಶಾಲು ಹೊದಿಸಿದರು, ಮೋಸಂಬಿ ಕೊಟ್ಟರು, ಹಾರ ಹಾಕಿದರು. ಆ ಹಾರ ಎಷ್ಟು ಉದ್ದವಿತ್ತೆಂದರೆ ಒಂದು ತುದಿ ನನ್ನ ಕೊರಳಲ್ಲಿದ್ದಾಗ ಇನ್ನೊಂದು ತುದಿಯನ್ನು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳು ಇನ್ನೂ ಕಟ್ಟುತ್ತಿದ್ದಳು. ಇಷ್ಟಾದ ಮೇಲೂ ಅದನ್ನು ನಿವೃತ್ತಿ ಎನ್ನಬಾರದು ಎನ್ನುವವರ ಜೊತೆ ನನಗೆ ಮಾತಿಲ್ಲ.

ಪಿಯುಸಿ ಮುಗಿಸಿ ನಾನು ಸೇರಿದ್ದು ಮಧುಗಿರಿಯ ಒಂದು ಕಡಲೆಕಾಯಿ ಬೀಜದ ಕಂಪನಿಗೆ, ಫೋನ್ ನೋಡಿಕೊಳ್ಳುವ ಕೆಲಸಕ್ಕೆ. ಶಿರಾದಲ್ಲಿ ನಮ್ಮ ಮಂಡಿ, ಕೊರಟಗೆರೆಯಲ್ಲಿ ಅಂಗಡಿ, ಪಾವಗಡದಲ್ಲಿ ಲಾರಿ ತೂಗುವ ತೂಕದ ಸೇತುವೆ, ಮಿಡಿಗೇಶಿಯಲ್ಲಿ ಗೋಡೌನು. ನಾಲ್ಕೂ ಕಡೆಯವರು ಮಾತಾಡಬೇಕೆಂದರೆ ನನ್ನ ಮೇಜಿನ ಮೇಲೆ ಹಾದೇ ಹೋಗಬೇಕು. ಈಗ ತುಮಕೂರಿಗೆ ಕಾಲೇಜಿಗೆ ಹೊರಟಿದ್ದೇನೆ. ನನ್ನ ಕುರ್ಚಿಗೆ ಸಿಂಧು ಎಂಬ ಹುಡುಗಿ ಬಂದಿದ್ದಾಳೆ, ನನಗಿಂತ ಒಂದೇ ವರ್ಷ ಚಿಕ್ಕವಳು. ಆ ಕುರ್ಚಿ ಎಂಥದ್ದು ಎಂದು ಅವಳಿಗೂ, ಅವಳಂತೆ ಫೋನಿನ ಮುಂದೆ ಕೂರಲಿರುವವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಏರಲಿಲ್ಲ.

ಮೊದಲ ದಿನವೇ ನಾನು ಹೆಸರು ಮಾಡಿದೆ. ಯಜಮಾನರ ಹೆಂಡತಿ ಮನೆಯಿಂದ ಫೋನ್ ಮಾಡಿ, "ಅವ್ರಿಗೆ ಕೊಡಮ್ಮ" ಅಂದರು. ನಾನು ಎಲ್ಲ ಗೊತ್ತಿರುವವಳ ಹಾಗೆ ಎರಡು ಗುಂಡಿ ಒತ್ತಿದೆ. ಕರೆ ನೇರವಾಗಿ ಪಾವಗಡದ ತೂಕದ ಸೇತುವೆಗೆ ಹೋಯಿತು. ಅಲ್ಲಿ ಓಬಳೇಶಣ್ಣ. ಪಾವಗಡದವರಾದ್ದರಿಂದ ಅವರ ಒಂದು ವಾಕ್ಯ ಆಂಧ್ರದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಮುಗಿಯುತ್ತದೆ.

"ಚೆಪ್ಪಂಡಮ್ಮಾ, ತೂಕ ತಾನೇ? ಬಂಡಿ ತೂಕ ಕಳ್ದು ಹೇಳ್ಲಾ, ಸೇರ್ಸಿ ಹೇಳ್ಲಾ?"

"ಯಾರ ತೂಕಾನೋ?" ಅಂದರಂತೆ ಅಮ್ಮಾವ್ರು.

"ನಿಮ್ದೇ ಕದಮ್ಮಾ, ಈಗ್ ತಾನೇ ಹತ್ತಿ ಇಳ್ದ್ರಲ್ಲ!"

ಆ ಮಧ್ಯಾಹ್ನ ಯಜಮಾನರು ಊಟಕ್ಕೆ ಮನೆಗೆ ಹೋಗದೆ ಹೋಟೆಲಿನಲ್ಲಿ ಚಿತ್ರಾನ್ನ ತಿಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಎರಡನೇ ದಿನ ಕೆಂಪು ಫೋನು ರಿಂಗಾಯಿತು. ಅದು ನಮ್ಮ ಹಳೇ ಲ್ಯಾಂಡ್‌ಲೈನು. ಮೂರು ತಾಲ್ಲೂಕಿನ ಗೋಡೆಗಳ ಮೇಲೆ ಸುಣ್ಣ ಬಳಿದು ಬರೆಸಿರುವುದು ಅದರ ನಂಬರನ್ನೇ. ನಾನು ಕಪ್ಪೆಯ ಹಾಗೆ ಹಾರಿ ಅದರ ಮೇಲೆ ಕೈ ಹಾಕಿದೆ. ಮ್ಯಾನೇಜರ್ ನರಸಿಂಹಮೂರ್ತಿ ಸರ್, ಕುರ್ಚಿಯಿಂದ ಏಳಲು ದಿನವೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುವವರು, ಅಂದು ಎರಡು ಮೇಜು ದಾಟಿ ಬಂದು, ಫೋನಿನ ಪುಟ್ಟ ಪರದೆಯ ಮೇಲೆ ನಂಬರು ನೋಡಿ, ನನ್ನ ಕೈ ಹಿಡಿದುಕೊಂಡರು.

"ಎತ್ಬೇಡ! ಎತ್ಬೇಡ ಕಣಮ್ಮ! ಅದು ಈರಣ್ಣ!"

"ಯಾಕ್ ಸರ್, ಬಯ್ತಾರಾ?"

"ಶ್! ಎಣ್ಸು."

ಇಡೀ ಆಫೀಸು ಸುಮ್ಮನಾಯಿತು. ಚೀಟಿ ಬರೆಯುತ್ತಿದ್ದವರು ಪೆನ್ನು ಎತ್ತಿಕೊಂಡು ಕೂತರು. ಟೀ ತಂದವನು ಬಾಗಿಲಲ್ಲೇ ಒಂಟಿ ಕಾಲಿನಲ್ಲಿ ನಿಂತ. ಎರಡು ರಿಂಗಾಗಿ ಫೋನು ನಿಂತಿತು.

"ಎರಡು. ಲೋಡಾಗಿ ಲಾರಿ ಹೊರಟೈತೆ," ಅಂದರು ಮೂರ್ತಿ ಸರ್. "ಶಿರಾಕ್ಕೆ ಹೇಳ್ಬುಡು."

ಮಿಡಿಗೇಶಿ ಗೋಡೌನು ನೋಡಿಕೊಳ್ಳುವ ಈರಣ್ಣನವರಿಗೆ ಗಂಟಲಿನ ಆಪರೇಶನ್ ಆಗಿ ದನಿ ಹೋಗಿದೆ. ಕಿವಿ ನನಗಿಂತ ಚುರುಕು, ಮಾತು ಮಾತ್ರ ಇಲ್ಲ. ಓದು ಬರಹವೂ ಇಲ್ಲ. ಹಾಗಾಗಿ ಅವರೇ ಒಂದು ಕ್ರಮ ಮಾಡಿಕೊಂಡಿದ್ದರು. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಲಾರಿ ಬಂದಿದೆ, ಹಮಾಲರನ್ನು ಕಳಿಸಿ. ಎರಡಾದರೆ ತುಂಬಿಕೊಂಡು ಹೊರಟಿದೆ. ಮೂರಾದರೆ ಏನೋ ತೊಂದರೆ, ಬನ್ನಿ. ಹೆಚ್ಚಿನದು ಕೇಳಬೇಕಿದ್ದರೆ ನಾವೇ ವಾಪಸ್ ಫೋನ್ ಮಾಡಿ ಕೇಳುತ್ತಿದ್ದೆವು. ಅವರು ಉಗುರಿನಿಂದ ಫೋನ್ ಕುಟ್ಟುತ್ತಿದ್ದರು. ಟಕ್ ಅಂದರೆ ಹೌದು. ಟಕ್ ಟಕ್ ಅಂದರೆ ಇಲ್ಲ. ಒಮ್ಮೆ ನಾನು, "ಊಟ ಆಯ್ತಾ ಈರಣ್ಣ? ಏನ್ ಸಾರು?" ಎಂದು ಕೇಳಿದೆ. ಆ ಕಡೆಯಿಂದ ತಮಟೆ ಬಾರಿಸಿದ ಹಾಗೆ ಟಕಟಕಟಕ ಎಂದು ಕುಟ್ಟಿದರು. ಹುರುಳಿಕಾಳು ಬಸ್ಸಾರು ಎಂದು ನಾನು ಅರ್ಥ ಮಾಡಿಕೊಂಡೆ. ಸರಿಯಿದ್ದರೂ ಇರಬಹುದು.

ಅವರ ಹಳೇ ಕತೆ ಹೇಳಿದವರು ಶಿರಾ ಮಂಡಿಯ ಮುನೀರ್ ಭಾಯ್.

"ಅರೇ ಬೇಟಾ, ಆ ಗಂಟ್ಲು ನೀನು ಕೇಳ್ಬೇಕಿತ್ತು! ನಮ್ ಮಂಡೀಲಿ ಹರಾಜು ಕೂಗ್ತಿದ್ದೋನೇ ಈರಣ್ಣ. ಒಂದ್ ಸಲಾ... ಅಂದ್ರೆ ಕಾಗೆ ಹಾರಾದು ನಿಲ್ಸದು. ಎರಡ್ ಸಲಾ... ಅಂದ್ರೆ ಹೈವೇಲಿ ಲಾರಿ ಸ್ಲೋ ಆಗದು. ಮೂರ್ ಸಲ ಅಂತ ಟವೆಲ್ ಒದರಿದ್ನಾ, ಖತಂ. ಆಮೇಲೆ ಡಿಸಿ ಸಾಹೇಬ್ರೇ ಬಂದ್ರೂ ಮಾಲು ವಾಪಸ್ ಇಲ್ಲ."

ಉತ್ಪ್ರೇಕ್ಷೆಯಲ್ಲಿ ನನ್ನನ್ನು ಮೀರಿಸಿದ ಒಬ್ಬರೇ ಒಬ್ಬರು ಮುನೀರ್ ಭಾಯ್. ಅದಕ್ಕೇ ಅವರ ಮೇಲೆ ನನಗೆ ಗೌರವ.

ಆ ವರ್ಷವೇ ಯಜಮಾನರು ಎಲ್ಲ ಆಫೀಸಿಗೂ ಮೀಟಿಂಗ್ ಆಪ್ ಹಾಕಿಸಿದರು. ಅದರಲ್ಲೇ ಮುಖ ನೋಡಿಕೊಂಡು ಮಾತಾಡಬಹುದು, ಮೆಸೇಜು ಹಾಕಬಹುದು, ಚೀಟಿಗಳ ಫೋಟೊ ಹಂಚಬಹುದು. ಮೊದಲ ಮೀಟಿಂಗಿನಲ್ಲಿ ಮುನೀರ್ ಭಾಯ್ ಕಡೆಯಿಂದ ಬರೀ ಹಣೆ ಬಂತು. ಓಬಳೇಶಣ್ಣನ ಕಡೆಯಿಂದ ಒಂದು ಹುಂಜ ಬಂದು ಕ್ಯಾಮೆರಾದ ಮುಂದೆ ಕೂತಿತು. ಮೂರ್ತಿ ಸರ್ ಅದಕ್ಕೂ ನಮಸ್ಕಾರ ಮಾಡಿದರು.

ಕಷ್ಟ ಬಂದದ್ದು ಬೇರೆ ಕಡೆ. ಆಫೀಸಿನವರೆಲ್ಲ ಆಪಿನಲ್ಲಿ, ರೈತರೆಲ್ಲ ಕೆಂಪು ಫೋನಿನಲ್ಲಿ. ಬೀಜ ಕೇಳಿದ ರೈತನಿಗೆ ಉತ್ತರ ಕೊಡಬೇಕೆಂದರೆ ನಾನು ಎಡಗಿವಿಗೆ ರಿಸೀವರು, ಬಲಗಿವಿಗೆ ಹೆಡ್‌ಫೋನು ಹಾಕಿಕೊಂಡು, ಅಲ್ಲಿಂದ ಕೇಳಿ ಇಲ್ಲಿ, ಇಲ್ಲಿಂದ ಕೇಳಿ ಅಲ್ಲಿ ಒಪ್ಪಿಸಬೇಕಿತ್ತು. ಒಂದು ದಿನ ಎರಡೂ ಅದಲು ಬದಲಾಗಿ, ಮಿಡಿಗೇಶಿ ಕಡೆಯ ಒಬ್ಬ ಅಜ್ಜನಿಗೆ, "ಸರ್, ನಿಮ್ಮ ಕ್ಯಾಮೆರಾ ಆನ್ ಮಾಡಿ" ಎಂದು ಹೇಳಿಬಿಟ್ಟೆ. "ಸೀಮೆಣ್ಣೆ ದೀಪ ಇದ್ದಾಗ್ಲೇ ಚೆನ್ನಾಗಿತ್ತು ಕಣವ್ವ" ಎಂದು ಅಜ್ಜ ಫೋನ್ ಇಟ್ಟರು.

ಆಪು ಮತ್ತು ಫೋನು ಎರಡನ್ನೂ ಸೇರಿಸಿಬಿಡೋಣ ಎಂದರು ಯಜಮಾನರು. ಗೋಡೆ ಮೇಲಿನ ನಂಬರಿಗೆ ರೈತ ಫೋನ್ ಮಾಡಿದರೆ ಅದು ಆಪಿನಲ್ಲೇ ಬರಬೇಕು, ಯಾವ ಊರಿನವರು ಬೇಕಾದರೂ ಎತ್ತಬೇಕು. ಹೇಗೆ ಸೇರಿಸುವುದು ಎಂದು ಹೇಳಲು ಬೆಂಗಳೂರಿನಿಂದ ಕಾರ್ತಿಕ್ ಎಂಬ ಹುಡುಗ ಬಂದ. ಅವನು ಪರದೆಯ ಮೇಲೆ ಬಾಣದ ಗುರುತುಗಳನ್ನು ಹಾಕಿ ಹಾಕಿ ಕೊನೆಗೆ ಕುರುಕ್ಷೇತ್ರವನ್ನೇ ಮಾಡಿದ. ಉಳಿದವರೆಲ್ಲ ಆಕಳಿಸುತ್ತಿದ್ದರು. ನಾನು ಮಾತ್ರ ತಲೆಯಾಡಿಸುತ್ತಿದ್ದೆ. ಅರ್ಥವಾಗಿ ಅಲ್ಲ, ಅಭ್ಯಾಸ.

"ಈ ಹುಡುಗಿಗೆ ಗೊತ್ತಾಗೈತೆ," ಅಂದರು ಯಜಮಾನರು. "ನೀನೇ ನಮ್ಗೆ ತಿಳ್ಯಂಗೆ ಹೇಳು."

ಆ ರಾತ್ರಿಯೆಲ್ಲ ಓದಿ, ಕಾರ್ತಿಕನಿಗೆ ಮೆಸೇಜು ಹಾಕಿ ಹಾಕಿ ಅವನ ಫೋನು ಬಿಸಿ ಮಾಡಿ, ಮರುದಿನ ಹೀಗೆ ಹೇಳಿದೆ. ಸಿಂಧು, ಇದನ್ನು ಗಮನವಿಟ್ಟು ಓದು. ದಾರಿ ಮೂರು. ನಮ್ಮ ಕಡೆ ನೀರು ಹೇಗೆ ತರುತ್ತೇವೋ ಹಾಗೆ. ಮೊದಲನೆಯದು ಕ್ಯಾನ್ ನೀರು. ಆಪಿನ ಕಂಪನಿಯಿಂದಲೇ ನಂಬರು, ಕರೆ ಎಲ್ಲ ಸೇರಿಸಿ ಕೊಂಡುಬಿಡುವುದು. ಮೈಗೆ ಕಷ್ಟವಿಲ್ಲ, ಆದರೆ ನಮಗೆ ಸಿಗುತ್ತಿದ್ದದ್ದು ಬೇರೆ ನಂಬರು, ಅದೂ ಬೆಂಗಳೂರಿನ ಕೋಡಿನದು. ಬೆಂಗಳೂರು ಕೋಡು ಕಂಡರೆ ನಮ್ಮ ರೈತರು ಕ್ರೆಡಿಟ್ ಕಾರ್ಡು ಮಾರುವವರೆಂದು ಕಟ್ ಮಾಡುತ್ತಾರೆ. ಎರಡನೆಯದು ನಲ್ಲಿ ನೀರು. ಫೋನ್ ಲೈನು ಕೊಡುವ ಕಂಪನಿಯೇ ತನ್ನ ಕಡೆಯಿಂದ ಆಪಿಗೆ ಪೈಪು ಎಳೆದು ಕೊಡುತ್ತದೆ. ಹಳೇ ನಂಬರು ಉಳಿಯುತ್ತದೆ, ರಿಪೇರಿ ಅವರದೇ. ಆದರೆ ನಲ್ಲಿ ತಿರುಗಿಸುವುದಷ್ಟೇ ನಮ್ಮ ಕೈಲಿ. ಮೂರನೆಯದು ಸ್ವಂತ ಬೋರ್‌ವೆಲ್ಲು. ನಮ್ಮ ಲೈನಿಗೂ ಆಪಿಗೂ ಮಧ್ಯೆ ನಮ್ಮದೇ ಒಂದು ಪೆಟ್ಟಿಗೆ ಇಟ್ಟುಕೊಳ್ಳುವುದು. ಯಾವ ಕರೆ ಎಲ್ಲಿಗೆ ಹೋಗಬೇಕೆಂದು ನಾವೇ ಅದಕ್ಕೆ ಹೇಳಬಹುದು. ಆದರೆ ಮೋಟರು ಸುಟ್ಟರೆ ನಾವೇ ಎತ್ತಿಸಬೇಕು.

"ಇದ್ ತಿಳೀತು ನೋಡು!" ಅಂದರು ಓಬಳೇಶಣ್ಣ, ಹಣೆ ಚಚ್ಚಿಕೊಂಡು. "ಬೋರು ಒದ್ದು ಸ್ವಾಮೀ, ಬ್ಯಾಡ. ಪಾವಗಡದಾಗೆ ಬೋರು ಕೊರ್ಸಿ ಕೊರ್ಸಿ ಸಾಕಾಗೈತೆ."

ಎಲ್ಲರೂ ನಲ್ಲಿ ನೀರಿಗೆ ಕೈಯೆತ್ತಿದೆವು. ರೈತರ ಬಗ್ಗೆ ಮಾತಾಡಿದೆವು, ನಂಬರಿನ ಬಗ್ಗೆ, ಕರೆಂಟಿನ ಬಗ್ಗೆ ಮಾತಾಡಿದೆವು. ಈರಣ್ಣನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ದಿನಾ ಅವರ ಫೋನನ್ನು ಎತ್ತದೇ ಇದ್ದು ಇದ್ದು, ಅದೂ ಒಂದು ಕರೆ ಎಂಬುದೇ ನಮಗೆ ಮರೆತುಹೋಗಿತ್ತು.

ಒಂದು ವಾರ ಪರೀಕ್ಷೆ ಎಂದು ಎರಡನೇ ದಾರಿ ಶುರುವಾಯಿತು. ಕೆಂಪು ಫೋನನ್ನು ಬೀರುವಿನ ಮೇಲಿಟ್ಟರು. ಕರೆ ಬಂದ ತಕ್ಷಣ ಒಬ್ಬ ಹೆಂಗಸಿನ ದನಿ ಎತ್ತಿಕೊಂಡು, "ನಮಸ್ಕಾರ. ಬೀಜಕ್ಕಾಗಿ ಒಂದನ್ನು ಒತ್ತಿ, ಮಂಡಿಗಾಗಿ ಎರಡನ್ನು ಒತ್ತಿ" ಅನ್ನುತ್ತಿದ್ದಳು. ಆ ದನಿಗೆ ನಾವು ಮೆಷಿನ್ ಅಕ್ಕ ಎಂದು ಹೆಸರಿಟ್ಟೆವು. ರೈತರು ಅವಳ ಹತ್ತಿರ ಮಳೆ ಬೆಳೆ ಎಲ್ಲ ವಿಚಾರಿಸಿದರು. ಒಬ್ಬರು ಅವಳಿಗೆ ಗಂಡು ನೋಡುತ್ತೇನೆ ಎಂದರು. ನಾಲ್ಕು ದಿನ ಭಾರೀ ಮಜವಾಗಿತ್ತು.

ಐದನೇ ದಿನ ಮಧ್ಯಾಹ್ನ ಈರಣ್ಣ ಮಿಡಿಗೇಶಿಯಿಂದ ಬಸ್ಸು ಹತ್ತಿ ಆಫೀಸಿಗೇ ಬಂದರು. ಅದಕ್ಕೆ ಮೊದಲು ನಾನವರನ್ನು ನೋಡಿಯೇ ಇರಲಿಲ್ಲ. ಮುನೀರ್ ಭಾಯ್ ಹೇಳಿದ್ದು ಕೇಳಿ ಬೆಟ್ಟದಷ್ಟು ಮನುಷ್ಯ ಇರಬೇಕು ಅಂದುಕೊಂಡಿದ್ದೆ. ಸಣ್ಣ ದೇಹ, ಕೊರಳಿಗೆ ಸುತ್ತಿದ ಟವೆಲು. ನನ್ನ ಮೇಜಿನ ಮುಂದೆ ನಿಂತು ಸೊಂಟದಿಂದ ಗೋಡೌನಿನ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟರು.

"ಯಾಕ್ ಈರಣ್ಣ? ಏನಾಯ್ತು?" ಮೂರ್ತಿ ಸರ್ ಎದ್ದು ಬಂದರು.

ಈರಣ್ಣ ತಮ್ಮ ಫೋನು ತೆಗೆದು ನಮ್ಮ ನಂಬರು ಒತ್ತಿ ನಮ್ಮ ಕಡೆ ಹಿಡಿದರು. ಒಂದು ರಿಂಗೂ ಮುಗಿಯಲಿಲ್ಲ. "ನಮಸ್ಕಾರ," ಅಂದಳು ಮೆಷಿನ್ ಅಕ್ಕ. ಕಟ್ ಮಾಡಿ ಇನ್ನೊಮ್ಮೆ ಒತ್ತಿದರು. "ನಮಸ್ಕಾರ." ನಾನು ಕಂಪ್ಯೂಟರಿನಲ್ಲಿ ನೋಡಿದೆ. ಅವರ ಕರೆಗಳೆಲ್ಲ ಇದ್ದವು, ಎಲ್ಲದರ ಮುಂದೆಯೂ ಉತ್ತರಿಸಲಾಗಿದೆ ಎಂದೇ ಇತ್ತು. ಎರಡು ಲಾರಿ ಬಂದು, ಹಮಾಲರಿಲ್ಲದೆ ಕಾದು ಕಾದು ಖಾಲಿ ವಾಪಸ್ ಹೋಗಿದ್ದವು. ಕೊನೆಗೆ ಈರಣ್ಣ ತಮ್ಮ ರಿಂಗು ಇನ್ನು ಬೇಡವಾಗಿದೆ, ಅದಕ್ಕೇ ಯಾರನ್ನೋ ಕೂರಿಸಿ ಎತ್ತಿಸುತ್ತಿದ್ದಾರೆ ಅಂದುಕೊಂಡಿದ್ದರು.

ಯಜಮಾನರು ಹೊರಗೆ ಬಂದರು. ಕೆಟ್ಟವರಲ್ಲ ಅವರು. ಈರಣ್ಣನ ಭುಜದ ಮೇಲೆ ಕೈಯಿಟ್ಟೇ ಹೇಳಿದರು.

"ಈರಣ್ಣ, ಎಷ್ಟ್ ವರ್ಷ ಅಂತ ದುಡೀತಿಯ. ಗೋಡೌನಿಗೆ ಮಾತಾಡೋ ಹುಡುಗನ್ನ ಹಾಕ್ತೀನಿ. ನೀನು ಮನೇಲಿ ಆರಾಮಾಗಿರು. ಸಂಬಳ ಮನೇಗೇ ಬತ್ತದೆ."

ಈರಣ್ಣ ಮೇಜಿನ ಮೇಲೆ ಉಗುರಿನಿಂದ ಕುಟ್ಟಿದರು. ಟಕ್ ಟಕ್.

ನಾನು ಬೀಗದ ಕೈ ಗೊಂಚಲು ಎತ್ತಿ ನನ್ನ ಡ್ರಾಯರಿಗೆ ಹಾಕಿಕೊಂಡೆ. "ಸರ್, ಸೋಮವಾರದವರೆಗೆ ಇದು ನನ್ ಹತ್ರ ಇರ್ಲಿ. ಪರೀಕ್ಷೆ ಇನ್ನೂ ಮುಗ್ದಿಲ್ಲ," ಅಂದೆ. ಯಜಮಾನರಿಗೆ ಎದುರಾಡಿ ಅಭ್ಯಾಸವಿರಲಿಲ್ಲ.

ಕಾರ್ತಿಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಸಿಂಪಲ್ ಅಕ್ಕಾ," ಅಂದ. ನನಗಿಂತ ಆರು ವರ್ಷ ದೊಡ್ಡವನು, ಹೆದರಿದರೆ ಮಾತ್ರ ನನ್ನನ್ನು ಅಕ್ಕ ಅನ್ನುತ್ತಿದ್ದ. "ಮೆಷಿನ್ ಎತ್ತಿದ ಮೇಲೆ ಅವರು ಗುಂಡಿ ಒತ್ತಲಿ. ಲಾರಿ ಬಂದ್ರೆ ಏಳು, ಹೊರಟ್ರೆ ಎಂಟು, ತೊಂದರೆ ಆದ್ರೆ ಒಂಬತ್ತು. ಮಾತೇ ಬೇಡ."

"ಅವ್ರು ನನ್ ಮೊಬೈಲಿಗೇ ರಿಂಗ್ ಕೊಟ್ರಾಯ್ತಲ್ಲ?" ಅಂದೆ ನಾನೂ.

"ನೀನು ರಜಾ ಹಾಕ್ದಾಗ? ನೀನು ಕಾಲೇಜಿಗೆ ಹೋದ್ಮೇಲೆ?" ಎಂದು ಕೇಳಿದರು ಮೂರ್ತಿ ಸರ್.

ಶನಿವಾರ ಕಾರ್ತಿಕನೂ ನಾನೂ ಮಿಡಿಗೇಶಿಗೆ ಹೋದೆವು. ಬಸ್ಸಿನಲ್ಲಿ ಎಷ್ಟು ಜನವೆಂದರೆ ಕಾರ್ತಿಕನ ಒಂದು ಶೂ ಅವನಿಗಿಂತ ಒಂದು ಸ್ಟಾಪು ಮುಂದೆ ಇಳಿಯಿತು. ಕೋಟೆ ಬೆಟ್ಟದ ಕೆಳಗೆ ಗೋಡೌನು. ಬೀಗದ ಕೈ ನನ್ನ ಹತ್ತಿರವಿದ್ದರೂ ಈರಣ್ಣ ಅದರ ಬಾಗಿಲಲ್ಲೇ ಕೂತಿದ್ದರು. ಕಾರ್ತಿಕ್ ಗುಂಡಿಗಳನ್ನು ತೋರಿಸಿದ. ಈರಣ್ಣ ಒಂದೇ ಸಲಕ್ಕೆ ಕಲಿತರು. ಏಳು ಒತ್ತಿದರು. ಮೆಷಿನ್ ಅಕ್ಕ, "ನಿಮ್ಮ ಸಂದೇಶ ದಾಖಲಾಗಿದೆ, ಧನ್ಯವಾದಗಳು" ಅಂದಳು. ನನ್ನ ಮೊಬೈಲಿನ ಆಪಿನಲ್ಲಿ ಒಂದು ಸಾಲು ಬಂದು ಬಿತ್ತು.

"ಆಯ್ತಲ್ಲ ತಾತ! ಸರಿಯಾಯ್ತಾ?" ಅಂದ ಕಾರ್ತಿಕ್.

ಟಕ್ ಟಕ್.

"ಯಾಕೆ? ಮೆಸೇಜು ಹೋಯ್ತಲ್ಲ?"

ಈರಣ್ಣ ನನ್ನ ಮೊಬೈಲನ್ನು ತೋರಿಸಿದರು, ಬಾಯಿಗೆ ಬೆರಳಿಟ್ಟರು. ಅದು ಸದ್ದೇ ಮಾಡಿರಲಿಲ್ಲ. ಆಮೇಲೆ ಎದ್ದು ನಿಂತು, ಕೊರಳಿನ ಟವೆಲು ಬಿಚ್ಚಿ ಎಡಗೈಯಲ್ಲಿ ಹಿಡಿದು, ಹರಾಜು ಕೂಗುವವರ ಹಾಗೆ ಬಲಗೈಯನ್ನು ಮೇಲಕ್ಕೆತ್ತಿ ಸುತ್ತ ಒಂದು ಸಲ ನೋಡಿದರು. ಎದುರಿಗೆ ಖಾಲಿ ಬಯಲು, ಎರಡು ಮೇಕೆ, ನಾವಿಬ್ಬರು. ಎತ್ತಿದ ಕೈಯಿಂದ ಮಧುಗಿರಿಯ ದಿಕ್ಕು ತೋರಿಸಿ, ಕಿವಿ ಮುಟ್ಟಿಕೊಂಡು, ಒಂದು ಬೆರಳು ಎತ್ತಿದರು. ಆಮೇಲೆ ಎರಡೂ ಕೈ ಅಗಲಿಸಿ ಇಡೀ ಆಫೀಸನ್ನು ತೋರಿಸಿದರು. ಅಲ್ಲಿ ಜನ ಪೆನ್ನು ಎತ್ತಿ ಹಿಡಿಯುವುದನ್ನು, ಟೀಯವನು ಒಂಟಿ ಕಾಲಲ್ಲಿ ನಿಲ್ಲುವುದನ್ನು ಅವರು ಎಂದೂ ಕಂಡಿರಲಿಲ್ಲ. ಆದರೆ ತಮ್ಮ ರಿಂಗಿಗೆ ಅಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಕಾರ್ತಿಕ್ ತನ್ನ ಫೋನನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, "ಬೋರ್‌ವೆಲ್ಲೇ ಕೊರೆಸಬೇಕು ಅಕ್ಕಾ," ಅಂದ.

ಸೋಮವಾರ ಯಜಮಾನರ ಮುಂದೆ ಮೂರನೇ ದಾರಿ ಇಟ್ಟೆ. ಪೆಟ್ಟಿಗೆ ನಮ್ಮದಾದರೆ ಅದಕ್ಕೆ ನಾವೇ ಹೇಳಬಹುದು: ಈ ಒಂದು ನಂಬರಿನಿಂದ ಕರೆ ಬಂದರೆ ಮೆಷಿನ್ ಅಕ್ಕನಿಗೆ ಕೊಡಬೇಡ, ಕೆಂಪು ಫೋನಿಗೆ ಕೊಡು, ಸುಮ್ಮನೆ ರಿಂಗಾಗಲಿ. ಉಳಿದವರದೆಲ್ಲ ಆಪಿಗೆ ಹೋಗಲಿ. ನಮಗೆ ಬಂದಿದ್ದ ನಲ್ಲಿಯಲ್ಲಿ ಫೋನ್ ಮಾಡಿದವರು ಯಾರೆಂದು ನೋಡಿ ದಾರಿ ಬದಲಿಸುವ ಅನುಕೂಲವಿರಲಿಲ್ಲ. ಕಾರ್ತಿಕ್ ಅದರ ಕಷ್ಟಗಳನ್ನೂ ಮುಚ್ಚಿಡದೆ ಹೇಳಿದ. ಪೆಟ್ಟಿಗೆಗೆ ಬಿಸಿ ಆಗಿಬರದು, ಕರೆಂಟು ಹೋದರೆ ಯುಪಿಎಸ್ ಬೇಕು, ಆಗಾಗ ಅದರ ಸಾಫ್ಟ್‌ವೇರು ಹೊಸದು ಮಾಡಬೇಕು, ಕೆಟ್ಟರೆ ಬೆಂಗಳೂರಿನಿಂದ ಬರುವವರೆಗೆ ನಾವೇ ಸಂಭಾಳಿಸಬೇಕು.

ಯಜಮಾನರು ಹಣೆ ಉಜ್ಜಿಕೊಂಡರು. "ಒಬ್ಬರಿಗೋಸ್ಕರ ಇಷ್ಟೆಲ್ಲಾನಾ? ಸರಿ, ತಂದ್ವಿ ಅನ್ಕೋ. ನೋಡ್ಕಳೋರು ಯಾರು? ನೀನು ಇನ್ ಸ್ವಲ್ಪ ದಿನಕ್ಕೆ ಕಾಲೇಜಿಗೆ ಓಡೋಗ್ತೀಯ."

ನಾನು ಬಾಯಿ ತೆರೆದೆ. ಮಾತು ಬೇರೆ ಕಡೆಯಿಂದ ಬಂತು.

"ನಾನು ನೋಡ್ಕತೀನಿ."

ಮೂರ್ತಿ ಸರ್. ಮೌಸನ್ನು ಮುಟ್ಟುವಾಗ ಅದು ಕಚ್ಚುತ್ತದೋ ಎಂಬಂತೆ ಮೊದಲು ಒಂದು ಬೆರಳಿಟ್ಟು ನೋಡುವವರು. ಮೀಟಿಂಗ್ ಆಪಿನಲ್ಲಿ ಹುಂಜಕ್ಕೆ ಕೈ ಮುಗಿದವರು.

"ನಿಮ್ಗೆ ಬತ್ತದಾ ಮೂರ್ತಿಗಳೇ?"

"ಇಲ್ಲ. ಕಲೀತೀನಿ. ಅವನು ಮಾತು ಹೋದ್ಮೇಲೆ ಇನ್ನೊಂದು ಭಾಷೆ ಕಲ್ತ. ನಾನು ಒಂದು ಪೆಟ್ಟಿಗೆ ಕಲಿಯಕ್ಕಾಗಲ್ವಾ?"

ಯಜಮಾನರು ನನ್ನ ಡ್ರಾಯರಿನ ಕಡೆ ಕೈ ಚಾಚಿದರು. ನಾನು ಬೀಗದ ಕೈ ಗೊಂಚಲು ಕೊಟ್ಟೆ. ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿ ನೋಡಿ ಜೇಬಿಗೆ ಹಾಕಿಕೊಂಡು, ಡ್ರೈವರನ್ನು ಕರೆದು, "ಮಿಡಿಗೇಶಿಗೆ ನಡಿ, ನಾನೇ ಕೊಟ್ಟು ಬತ್ತೀನಿ" ಅಂದರು.

ಪೆಟ್ಟಿಗೆ ಬಂತು. ಬೂಂದಿ ಲಾಡು ಕಟ್ಟಿಕೊಡುವ ಡಬ್ಬದಷ್ಟಿದೆ. ಅದನ್ನು ಹೊತ್ತು ತಂದವರು ಆನೆ ತಂದಷ್ಟು ಸದ್ದು ಮಾಡಿದರು. ಕೆಂಪು ಫೋನನ್ನು ಬೀರುವಿನಿಂದ ಇಳಿಸಿ, ಧೂಳು ಒರೆಸಿ, ಪೆಟ್ಟಿಗೆಗೆ ಸಿಕ್ಕಿಸಿದೆವು. ಯಜಮಾನರು ಆಪಿನಲ್ಲಿ ಯಾರಿಗೋ ಜೋರಾಗಿ ಗದರುತ್ತಿದ್ದರು. ಆಗ ಅದು ರಿಂಗಾಯಿತು. ಗದರುತ್ತಿದ್ದವರು ಅರ್ಧ ವಾಕ್ಯದಲ್ಲೇ ನಿಲ್ಲಿಸಿ, ಎಲ್ಲರೂ ಸುಮ್ಮನಿರಿ ಎಂದು ಕೈಯೆತ್ತಿದರು.

ಒಂದು. ಲಾರಿ ಬಂದಿದೆ.

ಸಿಂಧು, ನಿನಗೆ ಹೇಳಬೇಕಾದದ್ದು ಇಷ್ಟೇ. ಪೆಟ್ಟಿಗೆಯ ಮೇಲೆ ಟೀ ಲೋಟ ಇಡಬೇಡ. ಹಸಿರು ದೀಪ ಆರಿದರೆ ಮೂರ್ತಿ ಸರ್‌ಗೆ ಹೇಳು, ಅವರೇ ಸರಿಮಾಡುತ್ತಾರೆ. ಹೌದು, ಅವರೇ. ಈಗ ಕಾರ್ತಿಕನೇ ಒಮ್ಮೊಮ್ಮೆ ಅವರಿಗೆ ಫೋನ್ ಮಾಡಿ ಕೇಳುತ್ತಾನೆ. ಈ ಮಾತಿಗೆ ನಾನು ಒಂದು ಚೂರೂ ಉಪ್ಪುಖಾರ ಸೇರಿಸಿಲ್ಲ. ಮುಂದೆ ಯಾರಾದರೂ ಬಂದು ಹೊಸ ದಾರಿ ತೋರಿಸುತ್ತಾರೆ, ಅದು ಈಗಿನದಕ್ಕಿಂತ ಸುಲಭವೂ ಇರುತ್ತದೆ. ಆಯ್ಕೆ ಮಾಡುವಾಗ ಆ ಫೋನಿನಲ್ಲಿ ಮಾತಾಡುವವರನ್ನಷ್ಟೇ ಕೇಳಿ ನಿಲ್ಲಿಸಬೇಡ.

ಇನ್ನು ಶನಿವಾರದ ವಿಷಯ. ನೀನೂ ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ಹಾರ ಹಾಕಿಸಿಕೊಂಡು ನಾನು ಭಾಷಣ ಶುರುಮಾಡಿದ್ದೆ. ಕೊರಟಗೆರೆ ಅಂಗಡಿಯವರು ಕೊನೆಯ ಬಸ್ಸು ತಪ್ಪುತ್ತದೆಂದು ಗಡಿಯಾರ ನೋಡುವಷ್ಟು ಚೆನ್ನಾಗಿ ಮಾತಾಡುತ್ತಿದ್ದೆ. ಕೆಂಪು ಫೋನು ಒಂದು ರಿಂಗಾಗಿ ನಿಂತಿತು. ಎಲ್ಲರೂ ಸುಮ್ಮನಾದರು. ಸ್ವಲ್ಪ ಬಿಟ್ಟು ಮತ್ತೆ ಒಂದು. ಇನ್ನೂ ಸ್ವಲ್ಪ ಹೆಚ್ಚು ಬಿಟ್ಟು ಮತ್ತೊಂದು.

"ಅಕ್ಕಾ, ಮೂರು ಲಾರಿ ಬಂದ್ವಾ?" ಎಂದು ನೀನು ಕೇಳಿದೆ.

"ಇವತ್ತು ಯಾವ್ ಲಾರೀನೂ ಇಲ್ಲ," ಅಂದರು ಮೂರ್ತಿ ಸರ್.

ಶಾಲು ಹೊದಿಸಲೆಂದು ಶಿರಾದಿಂದ ಬಂದಿದ್ದ ಮುನೀರ್ ಭಾಯ್ ಕಣ್ಣು ಒರೆಸಿಕೊಂಡರು. "ಲಾರಿ ಅಲ್ಲ ಬೇಟಾ. ಒಂದ್ ಸಲ. ಎರಡ್ ಸಲ. ಮೂರ್ ಸಲ. ಮಾಲು ಹೋಯ್ತು. ಇನ್ನು ವಾಪಸ್ ಇಲ್ಲ."

ನಾನು ಕೆಂಪು ಫೋನಿನಿಂದ ಮಿಡಿಗೇಶಿಗೆ ಕರೆ ಮಾಡಿದೆ. ಆ ಕಡೆ ಎತ್ತಿದರು. ಗಾಳಿಯ ಸದ್ದು, ದೂರದಲ್ಲಿ ಒಂದು ಮೇಕೆ. ಹೇಳುವುದಕ್ಕೆ ನನ್ನಲ್ಲಿ ಇಡೀ ಭಾಷಣವೇ ಇತ್ತು. ಒಂದು ಮಾತೂ ಆಡದೆ ರಿಸೀವರಿನ ಮೇಲೆ ಉಗುರಿನಿಂದ ಕುಟ್ಟಿದೆ.

ಟಕ್.

ಆ ಕಡೆಯಿಂದಲೂ ಬಂತು. ಟಕ್.